ಕಲಬುರಗಿಯ ‘ಪ್ರಶಾಂತ’ ಬಡಾವಣೆಗಳು: ಜನ ಇದ್ದೂ ಶಾಂತವೋ, ಜನ ಇಲ್ಲದ್ದಕ್ಕೆ ಶಾಂತವೋ?

ಕಲಬುರಗಿಯಲ್ಲಿ ಪ್ಲಾಟ್ ಮಾರುವವರ ಕರಪತ್ರ ಯಾವುದೇ ಇರಲಿ, ಅದರಲ್ಲಿ ಒಂದು ಮಾತು ಇದ್ದೇ ಇರುತ್ತದೆ: ‘ಪ್ರಶಾಂತ ವಾತಾವರಣ’. ಅದರ ಕೆಳಗೆ ವಿಮಾನ ನಿಲ್ದಾಣಕ್ಕೆ ಇಷ್ಟು ನಿಮಿಷ, ರಿಂಗ್ ರೋಡಿಗೆ ಇಷ್ಟು ನಿಮಿಷ ಅಂತ ಲೆಕ್ಕ. ಹೋಗಿ ನೋಡಿದರೆ ಆ ಮಾತು ಸುಳ್ಳೇನೂ ಅಲ್ಲ. ಜಾಗ ನಿಜಕ್ಕೂ ಶಾಂತವಾಗಿಯೇ ಇರುತ್ತದೆ. ಯಾಕಂದ್ರೆ ಅಲ್ಲಿ ಯಾರೂ ಇರುವುದಿಲ್ಲ.

ಊರೊಳಗೂ ಶಾಂತ ಓಣಿಗಳಿವೆ. ಎನ್‌ಜಿಒ ಕಾಲೊನಿ, ಜಯನಗರ, ವೆಂಕಟೇಶ ನಗರದ ಒಳರಸ್ತೆಗಳಿಗೆ ಮಧ್ಯಾಹ್ನದ ಹೊತ್ತು ಹೋಗಿ ನೋಡಿ. ಗೇಟಿನೊಳಗೆ ಬೇವಿನ ಮರ, ಮಾಳಿಗೆ ಮೇಲೆ ಒಣಗಲು ಹಾಕಿದ ಸಂಡಿಗೆ, ಮೂಲೆಯಲ್ಲೊಂದು ಕಿರಾಣಿ ಅಂಗಡಿ. ಸದ್ದು ಕಡಿಮೆ, ಆದರೆ ಕೂಗಿದರೆ ಓಗೊಡುವವರು ಇದ್ದಾರೆ. ಈ ಶಾಂತಿ ಜನ ಎಷ್ಟೋ ವರ್ಷ ಬಾಳಿ, ನಲ್ಲಿ ನೀರಿಗೆ ಜಗಳ ಆಡಿ, ಗಿಡ ಬೆಳೆಸಿ ಬಂದದ್ದು. ಹೊರವಲಯದ ಲೇಔಟಿನ ಶಾಂತಿ ಬೇರೆ. ಎರಡಕ್ಕೂ ಕರಪತ್ರದಲ್ಲಿ ಒಂದೇ ಹೆಸರು. ಮನೆ ಕೊಳ್ಳುವವರು ಎಡವುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ.

ಹೊರಗಿನ ಲೇಔಟುಗಳು ಯಾಕೆ ಖಾಲಿ? ಜಾಗಕ್ಕೆ ಗಿರಾಕಿ ಇಲ್ಲ ಅಂತಲ್ಲ, ಗಿರಾಕಿ ಜಾಸ್ತಿ ಇರುವುದಕ್ಕೇ ಖಾಲಿ. ಕಳೆದ ಹದಿನೈದು-ಇಪ್ಪತ್ತು ವರ್ಷದಲ್ಲಿ ಈ ಊರಿಗೆ ಏನೇನು ಬಂತು ನೋಡಿ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಆಳಂದ ರಸ್ತೆಯ ಕಡಗಂಚಿಯಲ್ಲಿ ನೆಲೆಯಾಯಿತು. 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ 371(ಜೆ) ಬಂದ ಮೇಲೆ ಸ್ಥಳೀಯರಿಗೆ ಸರಕಾರಿ ನೌಕರಿಯಲ್ಲಿ ಮೀಸಲು ಸಿಕ್ಕಿತು. 2019ರ ನವೆಂಬರಿನಲ್ಲಿ ಸೇಡಂ ರಸ್ತೆ ಕಡೆ ವಿಮಾನ ನಿಲ್ದಾಣ ಶುರುವಾಯಿತು. 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾಯಿತು. ಒಂದೊಂದು ಘೋಷಣೆ ಆದಾಗಲೂ ಒಂದೊಂದು ರಸ್ತೆಯ ಎರೆ (ಕಪ್ಪು ಮಣ್ಣಿನ) ಹೊಲಗಳು ಪ್ಲಾಟುಗಳಾದವು. ಪಿಎಂ ಮಿತ್ರ ಜವಳಿ ಪಾರ್ಕ್ ಕಲಬುರಗಿಗೆ ಅಂತ 2023ರಲ್ಲಿ ಪ್ರಕಟಣೆ ಬಂದಾಗಲೂ ಅದೇ ಕಥೆ.

ಕೊಂಡವರು ಯಾರು? ಹೊಸದಾಗಿ ನೌಕರಿಗೆ ಸೇರಿದ ಮೇಷ್ಟ್ರು, ಪಿಡಿಒ, ನರ್ಸು. ತೊಗರಿಗೆ ಒಳ್ಳೆಯ ದರ ಸಿಕ್ಕ ವರ್ಷ ಊರಿನ ರೈತ. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ದುಡಿಯುವ ಮಕ್ಕಳು. ಇವರಲ್ಲಿ ಬಹುತೇಕರಿಗೆ ನಾಳೆಯೇ ಮನೆ ಕಟ್ಟುವ ಉದ್ದೇಶ ಇಲ್ಲ. ‘ಒಂದು ಪ್ಲಾಟ್ ಇರಲಿ, ಮಗಳ ಮದುವೆಗೆ ಆಗ್ತದೆ’ ಅನ್ನುವ ಲೆಕ್ಕ. ನಮ್ಮ ಭಾಗದಲ್ಲಿ ಪ್ಲಾಟ್ ಅಂದರೆ ಬಂಗಾರ ಇದ್ದ ಹಾಗೆ, ಎತ್ತಿಡಲು ಕೊಳ್ಳುವ ವಸ್ತು. ತಪ್ಪೇನಿಲ್ಲ. ಆದರೆ ಎತ್ತಿಟ್ಟ ಪ್ಲಾಟುಗಳ ನಡುವೆ ನೀವು ಒಬ್ಬರೇ ಮನೆ ಕಟ್ಟಿಕೊಂಡರೆ, ಅವರೆಲ್ಲರ ಉಳಿತಾಯದ ತೊಂದರೆ ನಿಮ್ಮ ಪಾಲಿಗೆ ಬರುತ್ತದೆ.

ಅದು ಹೇಗೆ ಅಂತ ಒಂದು ಲೇಔಟಿನಲ್ಲಿ ಕಂಡೆ. ನಿವೃತ್ತಿಗೆ ಹತ್ತಿರ ಇದ್ದ ಪರಿಚಯದ ಮೇಷ್ಟ್ರೊಬ್ಬರ ಜೊತೆ ರಿಂಗ್ ರೋಡಿನ ಆಚೆ ಪ್ಲಾಟ್ ನೋಡಲು ಹೋಗಿದ್ದೆ. ಬಾಗಿಲಿಗೆ ದೊಡ್ಡ ಕಮಾನು, ಬಣ್ಣ ಇನ್ನೂ ಹೊಸದು. ಒಳಗೆ ಸಿಮೆಂಟ್ ರಸ್ತೆ, ಆದರೆ ಉದ್ದಕ್ಕೂ ಬಿರುಕು. ಬಿರುಕಿನೊಳಗಿಂದ ಹುಲ್ಲು ಎದ್ದಿತ್ತು. ಕಂಬಗಳಿದ್ದವು, ಬಲ್ಬಿರಲಿಲ್ಲ. ‘ಉದ್ಯಾನವನ’ ಅಂತ ಬೋರ್ಡ್ ನೆಟ್ಟ ಜಾಗದಲ್ಲಿ ಜಾಲಿ ಬೆಳೆದು ಆಡುಗಳು ಮೇಯುತ್ತಿದ್ದವು. ಪ್ಲಾಟಿನ ಗುರುತಿನ ಕಲ್ಲುಗಳಲ್ಲಿ ಕೆಲವು ಮಣ್ಣಲ್ಲಿ ಹೂತು ಹೋಗಿದ್ದವು. ಏಜೆಂಟ್ ಕಾಲಲ್ಲೇ ಮಣ್ಣು ಕೆದರಿ ನಂಬರ್ ಹುಡುಕಿದ.

“ಇನ್ನ ಎರಡು ವರ್ಷದಾಗ ನೋಡ್ರಿ ಸರ, ಇಲ್ಲಿ ನಿಂದ್ರಾಕ ಜಾಗ ಸಿಗಂಗಿಲ್ಲ” ಅಂದ.

ಆ ಸಾಲಿನಲ್ಲಿದ್ದದ್ದು ಒಂದೇ ಮನೆ. ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳು ನಕ್ಕುಬಿಟ್ಟರು. “ನಾವು ತಗೋಳಾಗೂ ಹಿಂಗೇ ಅಂದಿದ್ರಿ ಅಣ್ಣಾ” ಅಂದರು. ನೀರಿನ ವಿಷಯ ಕೇಳಿದೆವು. “ಬೋರ್ ಅದರಿ. ಬ್ಯಾಸಗಿ ಬಂತಂದ್ರ ಟ್ಯಾಂಕರ್. ಹಗಲೊತ್ತು ಭಾಳ್ ಚಂದ ಅದ. ರಾತ್ರಿ ಎಂಟಾದ್ರ ಬಾಗಲಾ ಹಾಕ್ಕೊಂಡ್ ಕುಂದರ್ತೀವಿ, ಹಾವು ಹುಳಾ ಅಂಜಿಕಿ.” ಕಿರಾಣಿಗೆ, ಶಾಲೆಗೆ, ದವಾಖಾನೆಗೆ ಎಲ್ಲಕ್ಕೂ ಗಂಡನ ಬೈಕೇ ಗತಿ.

ಇದರ ಹಿಂದಿರುವ ಲೆಕ್ಕ ಸರಳ. ನೂರು ಪ್ಲಾಟಿನಲ್ಲಿ ಹತ್ತು ಮನೆ ಇದ್ದರೆ ಬಸ್ಸು ಒಳಗೆ ಬರುವುದಿಲ್ಲ, ಅಂಗಡಿಯವನಿಗೆ ವ್ಯಾಪಾರ ಇಲ್ಲ, ಕಸದ ಗಾಡಿ ದೂರದಲ್ಲೇ ತಿರುಗಿ ಹೋಗುತ್ತದೆ. ಸೌಕರ್ಯ ಇಲ್ಲ ಅಂತ ಉಳಿದವರು ಕಟ್ಟುವುದಿಲ್ಲ. ಅವರು ಕಟ್ಟಲಿಲ್ಲ ಅಂತ ಸೌಕರ್ಯ ಬರುವುದಿಲ್ಲ. ಈ ಗಂಟು ಬಿಚ್ಚಲು ಎಷ್ಟೋ ವರ್ಷ ಹಿಡಿಯುತ್ತದೆ.

ಈಗ ನೀರಿನ ಮಾತು. ಕಲಬುರಗಿಗೆ ನೀರು ಬರುವುದು ಮುಖ್ಯವಾಗಿ ಭೀಮಾ ನದಿಯ ಸರಡಗಿ ಕಡೆಯಿಂದ ಮತ್ತು ಬೆಣ್ಣೆತೊರೆಯಿಂದ. ಬೇಸಿಗೆಯಲ್ಲಿ ಭೀಮೆ ಬತ್ತಿದರೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಡಿ ಅಂತ ಕೇಳುವುದು ರೂಢಿಯೇ ಆಗಿಬಿಟ್ಟಿದೆ. ವಿಶ್ವಬ್ಯಾಂಕ್ ನೆರವಿನಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆಗೆ ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ಆಗಿತ್ತು. ಇಡೀ ಊರಿಗೆ ಅದನ್ನು ಹಬ್ಬಿಸುವ ಕೆಲಸ ಆಮೇಲೆ ಶುರುವಾಯಿತು. ಹೀಗಾಗಿ ಒಂದೇ ಊರಲ್ಲಿ ಒಂದು ಓಣಿಗೆ ಸದಾ ನೀರು, ಇನ್ನೊಂದಕ್ಕೆ ಕೆಲವು ದಿನಕ್ಕೊಮ್ಮೆ, ಮತ್ತೊಂದಕ್ಕೆ ಪೈಪೇ ಇಲ್ಲ. ಪ್ಲಾಟ್ ನೋಡುವಾಗ ‘ನೀರು ಬರ್ತದಾ’ ಅಂತ ಏಜೆಂಟನ್ನು ಕೇಳಿ ಉಪಯೋಗವಿಲ್ಲ. ಪಕ್ಕದ ಮನೆಯ ನಲ್ಲಿ ಬಿಲ್ ತೋರಿಸಿ ಅನ್ನಿ. ಬಿಲ್ ಇದ್ದರೆ ಪೈಪ್ ಇದೆ. ಸಂಪ್ ಎಷ್ಟು ದೊಡ್ಡದು ಕಟ್ಟಿಸಿದ್ದಾರೆ ನೋಡಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಮಣ್ಣಿನದು ಇನ್ನೊಂದು ಕಥೆ. ತೊಗರಿಗೆ ಒಳ್ಳೆಯದಾದ ಎರೆ ಭೂಮಿ ಗೋಡೆಗೆ ಒಳ್ಳೆಯದಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಆಳಕ್ಕೆ ಇಳಿಯದೆ ಪಾಯ ಹಾಕಿದ ಮನೆಯ ಗೋಡೆ ಮೂಲೆಯಿಂದ ಮೂಲೆಗೆ ಸೀಳುವುದು ಇದಕ್ಕೇ. ಆ ಲೇಔಟಿನ ಸಿಮೆಂಟ್ ರಸ್ತೆ ಬಿರಿದದ್ದಕ್ಕೂ ಇದೇ ಕಾರಣ ಇರಬೇಕು. ಎರೆ ಮಣ್ಣನ್ನು ಪೂರಾ ತೆಗೆದು ಗಟ್ಟಿ ಗರಸು ಸಿಗುವವರೆಗೆ ಇಳಿಯಬೇಕು, ಪಾಯದ ಮೇಲೆ ಸುತ್ತ ಕಾಂಕ್ರೀಟ್ ಪಟ್ಟಿ (ಪ್ಲಿಂತ್ ಬೀಮ್) ಹಾಕಬೇಕು, ಎರೆ ಆಳವಾಗಿದ್ದರೆ ನೆಲದೊಳಗೆ ಕಂಬ ಇಳಿಸುವ ಪೈಲ್ ಪಾಯವೇ ಬೇಕಾಗುತ್ತದೆ. ಹಾಗಾಗಿ ಅಗ್ಗದ ಪ್ಲಾಟ್ ಪಾಯದಲ್ಲಿ ಹಣ ವಾಪಸ್ ಕೇಳುತ್ತದೆ. ಬೇಡ ಅನ್ನಬೇಡಿ, ಲೆಕ್ಕಕ್ಕೆ ಹಿಡಿಯಿರಿ. 1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಇಲ್ಲಿಯೂ ನಡುಗಿಸಿತ್ತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರ ಸುತ್ತ ಭೂಮಿ ನಡುಗಿದ್ದಕ್ಕೆ ಜನ ರಾತ್ರಿ ಬಯಲಲ್ಲಿ ಮಲಗಿದ್ದರು. ಕಾಲಂ, ಬೀಮ್ ವಿಷಯದಲ್ಲಿ ಮೇಸ್ತ್ರಿಯ ಅಂದಾಜಿಗೆ ಬಿಡದೆ ಇಂಜಿನಿಯರ್ ಕೈಲಿ ಬರೆಸುವುದಕ್ಕೆ ಇಷ್ಟು ಸಾಕು.

ಇನ್ನು ಕಾಗದಪತ್ರ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಹೆಚ್ಚಿನವರ ದುಡ್ಡು ಸಿಕ್ಕಿಕೊಳ್ಳುವುದು ಇಲ್ಲೇ.

ನಮ್ಮಲ್ಲಿ ‘ಎನ್‌ಎ ಆಗ್ಯಾದ’ ಅಂದರೆ ಎಲ್ಲ ಮುಗಿಯಿತು ಅನ್ನುವ ನಂಬಿಕೆ ಇದೆ. ಎನ್‌ಎ ಅಂದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಆ ಹೊಲವನ್ನು ಬೇಸಾಯ ಬಿಟ್ಟು ಬೇರೆ ಉಪಯೋಗಕ್ಕೆ ಬಳಸಲು ಜಿಲ್ಲಾಧಿಕಾರಿ ಕೊಟ್ಟ ಅನುಮತಿ. ಅಷ್ಟೇ. ಅದರಲ್ಲಿ ರಸ್ತೆ ಎಲ್ಲಿ, ಪಾರ್ಕ್ ಎಲ್ಲಿ, ಪ್ಲಾಟ್ ಎಷ್ಟು ಅನ್ನುವುದನ್ನು ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಬೇಕು. ಒಪ್ಪಿದ ಮೇಲೂ ಲೇಔಟ್ ಮಾಡಿದವನು ರಸ್ತೆ, ಚರಂಡಿ, ನೀರು, ಕರೆಂಟಿನ ಕೆಲಸ ಮುಗಿಸಿದ ಹಾಗೆ ಪ್ರಾಧಿಕಾರದವರು ಹಂತ ಹಂತವಾಗಿ ಪ್ಲಾಟ್ ಮಾರಾಟಕ್ಕೆ ಬಿಡುತ್ತಾರೆ. ಕೊನೆಗೆ ರಸ್ತೆ, ಪಾರ್ಕಿನ ಜಾಗ ಸರಕಾರದ ಸುಪರ್ದಿಗೆ ಹೋಗಬೇಕು. ಈ ಹಸ್ತಾಂತರ ಆಗದ ಲೇಔಟಿನಲ್ಲಿ ಬೀದಿ ದೀಪ ಕೆಟ್ಟರೆ ಪಾಲಿಕೆಯವರು ‘ನಮಗಿನ್ನೂ ಬಂದಿಲ್ಲ’ ಅನ್ನುತ್ತಾರೆ. ಲೇಔಟ್ ಮಾಡಿದವನು ಫೋನ್ ಎತ್ತುವುದಿಲ್ಲ. ಆದ್ದರಿಂದ ಎನ್‌ಎ ಆದೇಶದ ಜೊತೆ ಮೂರು ಕೇಳಿ: ಪ್ರಾಧಿಕಾರದ ಮೊಹರಿರುವ ನಕ್ಷೆ, ನಿಮ್ಮ ಪ್ಲಾಟ್ ನಂಬರ್ ಇರುವ ಬಿಡುಗಡೆ ಪತ್ರ, ಮತ್ತೆ ಹಸ್ತಾಂತರ ಆಗಿದೆಯೇ ಅನ್ನುವುದರ ದಾಖಲೆ. ನಕ್ಷೆಯಲ್ಲಿ ಪಾರ್ಕ್ ಅಂತ ಇದ್ದ ಜಾಗ ನಿಮಗೆ ತೋರಿಸುತ್ತಿರುವ ಪ್ಲಾಟೇ ಆಗಿರಬಹುದು. ಇದು ತಮಾಷೆಗೆ ಹೇಳುತ್ತಿಲ್ಲ.

ಪಾಲಿಕೆಯ ಗಡಿ ದಾಟಿದರೆ ಪಂಚಾಯತಿ. ಅಲ್ಲಿ ಇ-ಸ್ವತ್ತಿನ (ಪಂಚಾಯತಿ ಆಸ್ತಿಗಳ ಕಂಪ್ಯೂಟರ್ ದಾಖಲೆ) ನಮೂನೆ 9 ಮತ್ತು 11ಎ ಇದ್ದರೆ ಸರಿ. 11ಬಿ ಅಂದರೆ ಆಸ್ತಿ ಪಂಚಾಯತಿ ಲೆಕ್ಕದಲ್ಲಿದೆ, ತೆರಿಗೆ ಕಟ್ಟಬಹುದು, ಆದರೆ ಲೇಔಟಿಗೆ ಒಪ್ಪಿಗೆ ಇಲ್ಲ ಅಂತ ಅರ್ಥ. ಪಾಲಿಕೆಯೊಳಗೆ ಇದೇ ಅಂತರ ಎ-ಖಾತೆ, ಬಿ-ಖಾತೆ ಅಂತ ಬರುತ್ತದೆ. 2024ರ ಅಕ್ಟೋಬರಿನಿಂದ ನಗರ ಪ್ರದೇಶದ ಆಸ್ತಿ ನೋಂದಣಿಗೆ ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿರುವ ಖಾತೆ, ಕಡ್ಡಾಯವಾಯಿತು. ಆಗ ಇ-ಖಾತೆ ಇಲ್ಲದ ಸಾವಿರಾರು ಜನರ ಮಾರಾಟ ನಿಂತು ಹೋಯಿತು. 2025ರ ಫೆಬ್ರುವರಿಯಲ್ಲಿ ಸರಕಾರ ಮೂರು ತಿಂಗಳ ಅಭಿಯಾನ ಮಾಡಿ, ಒಪ್ಪಿಗೆ ಇಲ್ಲದ ಬಡಾವಣೆಗಳ ಆಸ್ತಿಗೂ ಒಂದು ಸಲಕ್ಕೆ ಬಿ-ಖಾತೆ ಕೊಡಲು ಶುರು ಮಾಡಿತು. ಇದನ್ನು ಹಿಡಿದುಕೊಂಡು ‘ಈಗ ಎಲ್ಲಾ ಸಕ್ರಮ ಆಗ್ಯಾವ’ ಅನ್ನುವ ಮಾರಾಟಗಾರರು ಬಂದಿದ್ದಾರೆ. ಬಿ-ಖಾತೆ ತೆರಿಗೆ ಕಟ್ಟಲು, ದಾಖಲೆಯಲ್ಲಿ ಹೆಸರು ಬರಲು ಸಾಲುತ್ತದೆ. ಕಟ್ಟಡದ ಪರವಾನಗಿ, ಬ್ಯಾಂಕ್ ಸಾಲ ಅಂತ ಬಂದಾಗ ಅದು ಎ-ಖಾತೆಗೆ ಸಮ ಅಲ್ಲ. ಬೆಲೆ ಕಟ್ಟುವಾಗ ಈ ಅಂತರ ನೆನಪಿರಲಿ.

ಋಣಭಾರ ಪತ್ರ, ಅಂದರೆ ಇಸಿ, ಈಗ ಕಾವೇರಿ 2.0 ತಾಣದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಒಳ್ಳೆಯದೇ. ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಂಡ್ ಪೇಪರಿನ ಮೇಲೆ ನೋಟರಿ ಮಾಡಿಸಿಕೊಂಡ ಇಸಾರ ಪತ್ರ (ಮುಂಗಡ ಕೊಟ್ಟ ಕರಾರು) ಅದರಲ್ಲಿ ಬರುವುದಿಲ್ಲ. ಅಣ್ಣ-ತಮ್ಮಂದಿರ ಪಾಲಿನ ದಾವೆ ಬರುವುದಿಲ್ಲ. ಹೊಲ ಮೊದಲು ಯಾರಿಗೆ, ಯಾಕೆ ಸಿಕ್ಕಿತ್ತು ಅನ್ನುವುದೂ ಗೊತ್ತಾಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ನಂತರ ಆ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಹಾಗಾಗಿ ಮೂವತ್ತು ವರ್ಷದ ಇಸಿ ನೋಡಿ ನೆಮ್ಮದಿ ಪಡುವ ಹಾಗಿಲ್ಲ.

ನಮ್ಮ ಜಿಲ್ಲೆಗಳಿಗೆ ಇನ್ನೊಂದು ತಲೆನೋವಿದೆ, ಮೈಸೂರು ಕಡೆಯವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. 1948ರ ತನಕ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ನಿಜಾಮರ ಆಡಳಿತದಲ್ಲಿದ್ದವು. ಹಳೆಯ ಕಂದಾಯ ದಾಖಲೆ ಉರ್ದುವಿನಲ್ಲಿದೆ, ಇಸವಿಯ ಬದಲು ಫಸಲಿ ವರ್ಷ ಬರೆದಿರುತ್ತಾರೆ. ಇನಾಮು ಜಮೀನು, ದೇವಸ್ಥಾನದ್ದು, ದರ್ಗಾದ್ದು ಅಂತ ಬೇರೆ ಬೇರೆ ಬಗೆ. ಪಹಣಿಯ 11ನೇ ಕಾಲಂನಲ್ಲಿ ವಕ್ಫ್ ಅಂತ ನಮೂದಾಗಿರುವ ಸರ್ವೇ ನಂಬರುಗಳ ಬಗ್ಗೆ 2024ರ ಕೊನೆಯಲ್ಲಿ ಎದ್ದ ಗದ್ದಲ ಎಲ್ಲರಿಗೂ ನೆನಪಿರಬೇಕು. ರಾಜಕೀಯ ಏನಾದರೂ ಇರಲಿ, ಕೊಳ್ಳುವವರು ಮಾಡಬೇಕಾದದ್ದು ಒಂದೇ. ಪ್ಲಾಟ್ ಆಗುವ ಮೊದಲಿನ ಮೂಲ ಸರ್ವೇ ನಂಬರಿನ ಹಳೆಯ ಪಹಣಿಗಳನ್ನು ತೆಗೆಸಿ, ಉರ್ದು ಓದಬಲ್ಲ, ಕಂದಾಯದ ಕೆಲಸ ಗೊತ್ತಿರುವ ವಕೀಲರಿಗೆ ತೋರಿಸಬೇಕು. ಅಂಥವರು ಕೋರ್ಟಿನ ಸುತ್ತ ಇನ್ನೂ ಇದ್ದಾರೆ. ಅವರ ಫೀಸು ನೀವು ಏಜೆಂಟನಿಗೆ ಕೊಡುವ ದಲ್ಲಾಳಿ ಹಣಕ್ಕಿಂತ ಎಷ್ಟೋ ಕಡಿಮೆ.

ರೇರಾ (ಮನೆ, ಪ್ಲಾಟ್ ಮಾರುವವರ ಮೇಲೆ ನಿಗಾ ಇಡುವ ಕಾನೂನು) ಅಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಅಂತ ಇಲ್ಲಿ ಭಾವನೆ ಇದೆ. ಹಾಗೇನಿಲ್ಲ. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಎಲ್ಲೇ ಇರಲಿ, ರೇರಾದಲ್ಲಿ ನೋಂದಣಿ ಆಗಿರಬೇಕು. ಬರೆದುಕೊಂಡ ಒಪ್ಪಂದ ನೋಂದಣಿ ಆಗುವ ಮೊದಲು ಶೇ. 10ಕ್ಕಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. ‘ಅರ್ಧ ಕೊಡ್ರಿ, ಬಾಂಡ್ ಮೇಲೆ ಬರ್ಕೊಡ್ತೀನಿ’ ಅನ್ನುವವನಿಗೆ ಈ ಮಾತು ಹೇಳಿ ನೋಡಿ, ಮುಖ ಬದಲಾಗುತ್ತದೆ.

ಖರ್ಚಿನ ಲೆಕ್ಕ ಬೇಗ ಮುಗಿಸುತ್ತೇನೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1 ಇದ್ದದ್ದು ಶೇ. 2 ಆಯಿತು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್ ಎಲ್ಲ ಸೇರಿ ನಗರದಲ್ಲಿ ಒಟ್ಟು ಶೇ. 7.6. ಅಂದರೆ 30 ಲಕ್ಷದ ಆಸ್ತಿಗೆ 2.28 ಲಕ್ಷ. ನಗದಿನ ಆಟ ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು, ನಾಳೆ ಜಗಳ ಬಂದರೆ ಆ ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿಯೂ ಇರುವುದಿಲ್ಲ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ಬಡ್ಡಿ ಸಹಾಯಧನ ಇದೆ. ವರ್ಷಕ್ಕೆ 9 ಲಕ್ಷದವರೆಗಿನ ಆದಾಯ, 35 ಲಕ್ಷದೊಳಗಿನ ಮನೆ, 25 ಲಕ್ಷದೊಳಗಿನ ಸಾಲ ಇದ್ದವರಿಗೆ ಐದು ಕಂತಿನಲ್ಲಿ 1.80 ಲಕ್ಷದವರೆಗೆ ಸಿಗುತ್ತದೆ. ಕುಟುಂಬದ ಹೆಸರಲ್ಲಿ ಬೇರೆ ಪಕ್ಕಾ ಮನೆ ಇರಬಾರದು. ಬೆಂಗಳೂರಿನಲ್ಲಿ 35 ಲಕ್ಷಕ್ಕೆ ಮನೆ ಹುಡುಕುವುದು ಕಷ್ಟ, ನಮ್ಮ ಊರಲ್ಲಿ ಹುಡುಕಬಹುದು. ಇದು ಮನೆಗೆ ಮಾತ್ರ, ಖಾಲಿ ಪ್ಲಾಟಿಗಿಲ್ಲ.

ಶಾಂತ ಓಣಿಯಲ್ಲಿ ಮನೆ ಸಿಕ್ಕಿತು ಅನ್ನಿ. ಆ ಶಾಂತಿ ಉಳಿಯುತ್ತದೆಯೇ? ಕಲಬುರಗಿಯಲ್ಲಿ ಓಣಿಯ ನಿದ್ದೆ ಕೆಡಿಸುವುದು ಮೂರು: ಫಂಕ್ಷನ್ ಹಾಲ್, ಕೋಚಿಂಗ್ ಕ್ಲಾಸು, ಖಾಸಗಿ ದವಾಖಾನೆ. ಒಂದು ನರ್ಸಿಂಗ್ ಹೋಮ್ ಬಂದರೆ ಸಾಕು, ಎದುರಿಗೆ ಮೆಡಿಕಲ್, ಪಕ್ಕಕ್ಕೆ ಲ್ಯಾಬ್, ಮೂಲೆಗೆ ಚಹಾದ ಬಂಡಿ, ನಿಮ್ಮ ಗೇಟಿನ ಮುಂದೆ ಆಟೋ. ದವಾಖಾನೆ ಬೇಡ ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ? ಕಾನೂನಿನ ಪ್ರಕಾರ ವಾಸದ ಪ್ರದೇಶದಲ್ಲಿ ಶಬ್ದ ಹಗಲಿಗೆ 55, ರಾತ್ರಿ 45 ಡೆಸಿಬಲ್ ಮೀರಬಾರದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು. ಮದುವೆ ಸೀಸನ್ನಿನಲ್ಲಿ ಈ ಕಾನೂನಿನ ಗತಿ ಏನು ಅಂತ ನಿಮಗೆ ಗೊತ್ತು. ಅದಕ್ಕೇ ಮೊದಲೇ ಪ್ರಾಧಿಕಾರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆ ನೋಡುವುದು ಲೇಸು. ನಿಮ್ಮ ರಸ್ತೆ ಹಳದಿ ಬಣ್ಣದಲ್ಲಿದ್ದರೆ ವಾಸಕ್ಕೆ, ನೀಲಿ ಬಣ್ಣ ಇದ್ದರೆ ವ್ಯಾಪಾರಕ್ಕೆ. ಮನೆಯನ್ನು ಬರೀ ಭಾನುವಾರ ಬೆಳಿಗ್ಗೆ ನೋಡಿ ಬರಬೇಡಿ. ಮೇ ತಿಂಗಳ ಮದುವೆ ರಾತ್ರಿ ಒಮ್ಮೆ, ಜೋರು ಮಳೆ ಬಂದ ಮರುದಿನ ಒಮ್ಮೆ ಹೋಗಿ. 2020ರ ಅಕ್ಟೋಬರಿನ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರನ್ನು ಕೇಳಿ. ಗೋಡೆಯ ಮೇಲಿನ ಕಲೆ ತೋರಿಸುವವರೂ ಸಿಗಬಹುದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಒಲವು ಎತ್ತ ಅಂತ ಗೊತ್ತಾಗಿರಬೇಕು. ಇರಲಿಕ್ಕೆ ಮನೆ ಬೇಕು ಅನ್ನುವವರು ಹೊಸ ಲೇಔಟಿನ 30x40 ಪ್ಲಾಟ್ ನೋಡುವ ಮೊದಲು ಹಳೆಯ ಕಾಲೊನಿಯ ಹಳೆಯ ಮನೆ ನೋಡಬೇಕು. ಚದರ ಅಡಿ ದರ ಜಾಸ್ತಿ ಕಾಣುತ್ತದೆ. ಆದರೆ ಅಲ್ಲಿ ನೀರಿದೆ, ಒಳಚರಂಡಿ ಇದೆ, ನೆರಳಿದೆ. ಉಷ್ಣಾಂಶ 42-43 ಡಿಗ್ರಿ ದಾಟುವ ಊರಲ್ಲಿ ಬೆಳೆದು ನಿಂತ ಬೇವಿನ ಮರಕ್ಕೆ ಬೆಲೆ ಕಟ್ಟಲು ಯಾವ ಏಜೆಂಟನಿಗೂ ಬರುವುದಿಲ್ಲ. ಶಹಾಬಾದಿ ಫರ್ಸಿಯ (ಚಪ್ಪಡಿ ಕಲ್ಲಿನ) ನೆಲ ಹಳೆ ಕಾಲದ್ದು ಅಂತ ಕೆಲವರು ಕಿತ್ತು ಟೈಲ್ಸ್ ಹಾಕಿಸುತ್ತಾರೆ. ಬೇಸಿಗೆಯಲ್ಲಿ ಅದರ ಮೇಲೆ ಮಲಗಿ ನೋಡಿದವರು ಕೀಳಿಸುವುದಿಲ್ಲ.

ಹಳೆ ಮನೆಗೆ ಅದರದೇ ರಗಳೆ ಇದೆ. ಕಟ್ಟಿಸಿದ ಅಜ್ಜ ತೀರಿಕೊಂಡಿರುತ್ತಾರೆ, ಖಾತೆ ಇನ್ನೂ ಅವರ ಹೆಸರಲ್ಲೇ ಇರುತ್ತದೆ. ಊರಲ್ಲಿರುವ ಮಗ ‘ನಾನೇ ಮಾಲೀಕ’ ಅಂತ ಇಸಾರ ತಗೋತಾನೆ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಕೊಟ್ಟ ಅಕ್ಕ-ತಂಗಿಯರ ಸಹಿ ಇಲ್ಲದೆ ಖರೀದಿ ಮಾಡಿದರೆ ಹತ್ತು ವರ್ಷದ ಮೇಲೂ ನೋಟಿಸ್ ಬರಬಹುದು. ವಂಶಾವಳಿ ತೆಗೆಸಿ, ಹೆಸರಿದ್ದ ಪ್ರತಿಯೊಬ್ಬರನ್ನೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆಸಿ. ‘ಅಕ್ಕ ಒಪ್ಪ್ಯಾಳ, ಸಹಿ ಆಮೇಲೆ’ ಅಂದರೆ ನಿಮ್ಮ ದುಡ್ಡೂ ಆಮೇಲೆ.

ಇದೆಲ್ಲ ಕೊಳ್ಳುವವರ ಎಚ್ಚರಿಕೆ ಆಯಿತು. ಖಾಲಿ ಲೇಔಟಿನ ಸಮಸ್ಯೆ ಕೊಳ್ಳುವವರಿಂದ ಬಗೆಹರಿಯುವುದಲ್ಲ. ಖಾಲಿ ಪ್ಲಾಟನ್ನು ವರ್ಷಗಟ್ಟಲೆ ಹಾಗೇ ಇಟ್ಟುಕೊಳ್ಳುವುದು ಈಗ ತುಂಬಾ ಅಗ್ಗ. ಮನೆ ಕಟ್ಟಿದವನು ಕಟ್ಟಡಕ್ಕೂ ಸೇರಿಸಿ ತೆರಿಗೆ ಕಟ್ಟುತ್ತಾನೆ, ಜಾಲಿ ಬೆಳೆಸಿದವನು ನೆಲಕ್ಕಷ್ಟೇ ಕಟ್ಟುತ್ತಾನೆ, ಎಷ್ಟೋ ಜನ ಮಾರುವ ದಿನದವರೆಗೆ ಅದನ್ನೂ ಕಟ್ಟುವುದಿಲ್ಲ. ಇ-ಖಾತೆ ಬಂದ ಮೇಲೆ ಒಂದು ಅನುಕೂಲ ಆಗಿದೆ. ಮಾಲೀಕನ ಹೆಸರು, ಆಧಾರ್, ಫೋಟೊ ಎಲ್ಲ ಒಂದೇ ಕಡೆ ಸಿಗುತ್ತದೆ. ಒಪ್ಪಿಗೆ ಸಿಕ್ಕು ಹತ್ತು ವರ್ಷ ದಾಟಿದ ಬಡಾವಣೆಯಲ್ಲಿ ಖಾಲಿ ಬಿಟ್ಟ ಪ್ಲಾಟಿಗೆ ತೆರಿಗೆ ವರ್ಷ ವರ್ಷ ಏರುವ ಹಾಗೆ ಮಾಡಿ, ಆ ದುಡ್ಡನ್ನು ಅದೇ ಬಡಾವಣೆಯ ದೀಪಕ್ಕೆ, ಪೈಪಿಗೆ ಹಾಕಿದರೆ ಎತ್ತಿಟ್ಟವರು ಕಟ್ಟುತ್ತಾರೆ, ಇಲ್ಲವೇ ಕಟ್ಟುವವರಿಗೆ ಮಾರುತ್ತಾರೆ. ಇದಕ್ಕೆ ವಿರೋಧ ಬರುವುದು ಖಂಡಿತ. ಖಾಲಿ ಪ್ಲಾಟ್ ಇಟ್ಟುಕೊಂಡವರಲ್ಲಿ ಈ ನಿಯಮ ಮಾಡಬೇಕಾದವರೂ ಕಡಿಮೆ ಏನಿಲ್ಲ.